ಕೋಡಿಯ ಮಠವೂ ಕಲ್ಕುಟಿಗರ ಅಂಗಳವೂ

ಕನ್ನಡ ನಾಡಿನ ವಿದ್ಯಾಸಂಸ್ಥೆಗಳ ಚರಿತ್ರೆ ಬರೆಯಲು ಕುಳಿತವರು ಬಳ್ಳಿಗಾವಿಯ 1162ರ ಶಾಸನವನ್ನು ಓದದೆ ಮುಂದೆ ಹೋಗಲಾರರು. ಬಿಜ್ಜಳನ ಕಾಲದ ಆ ಬರಹ ಕೋಡಿಯ ಮಠದಲ್ಲಿ ಏನೇನು ಕಲಿಸುತ್ತಿದ್ದರೆಂದು ಒಂದೊಂದಾಗಿ ಹೇಳುತ್ತದೆ. ನಾಲ್ಕು ವೇದ, ಅವುಗಳ ಅಂಗಗಳು; ಕೌಮಾರ, ಪಾಣಿನೀಯ, ಶಾಕಟಾಯನ, ಶಬ್ದಾನುಶಾಸನ ಮುಂತಾದ ವ್ಯಾಕರಣಗಳು; ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ದರ್ಶನಗಳು; ಲಾಕುಲ ಸಿದ್ಧಾಂತ, ಪತಂಜಲಿಯ ಯೋಗ; 18 ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ. ಅಷ್ಟು ಹೇಳಿ ಶಾಸನ ಸುಮ್ಮನಾಗುವುದಿಲ್ಲ. ಬಡವರಿಗೆ, ಕುರುಡರಿಗೆ, ಕುಂಟರಿಗೆ, ಕಿವುಡರಿಗೆ, ಹಾಡುವವರಿಗೆ, ಕುಣಿಯುವವರಿಗೆ, ಕಥೆ ಹೇಳುವವರಿಗೆ, ಬೇರೆ ಬೇರೆ ಮತದ ಭಿಕ್ಷುಗಳಿಗೆ ಅಲ್ಲಿ ಊಟ ಸಿಗುತ್ತಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಔಷಧ ಸಿಗುತ್ತಿತ್ತು. ಎಲ್ಲ ಜೀವಿಗಳಿಗೂ ಅದು ಅಭಯದ ಜಾಗವಾಗಿತ್ತು.

ಇಷ್ಟು ವಿವರವಾದ ಪಟ್ಟಿಯಲ್ಲಿ ಶಿಲ್ಪವಿದ್ಯೆಯ ಹೆಸರು ಇಲ್ಲ. ಕೊನೆಯಲ್ಲಿ ಬರುವ ‘ಇತರ ವಿದ್ಯೆ’ಗಳಲ್ಲಿ ಅದೂ ಸೇರಿದೆ ಎಂದು ವಾದಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ನಾಲ್ಕು ವ್ಯಾಕರಣಗಳನ್ನು ಹೆಸರು ಹಿಡಿದು ಎಣಿಸಿದವನು, ಎದುರಿಗೇ ನಿಂತಿದ್ದ ಮೂರು ಗರ್ಭಗುಡಿಗಳ ದೇವಾಲಯವನ್ನು ಕಟ್ಟಿದ ವಿದ್ಯೆಯನ್ನು ಮರೆತಿರಲಾರ. ಆ ವಿದ್ಯೆಯನ್ನು ಕಲಿಯುವ ಜಾಗ ಬೇರೆ ಇತ್ತು. ಕಲ್ಲು ಇಳಿಸುವಲ್ಲಿ, ಕಂಬ ಕಡೆಯುವಲ್ಲಿ, ಕೆಲಸ ನಡೆಯುವ ಅಂಗಳದಲ್ಲೇ ಅದರ ಪಾಠ ಆಗುತ್ತಿತ್ತು. ಶಿಕಾರಿಪುರ, ಸೊರಬ ಸೀಮೆಯಲ್ಲಿ ಕಟ್ಟುವ ವಿದ್ಯೆ ಕಲಿಸಿದ ಸಂಸ್ಥೆಯ ಚರಿತ್ರೆ ಎಂದರೆ ಮುಖ್ಯವಾಗಿ ಈ ಅಂಗಳದ ಚರಿತ್ರೆ. ಅದಕ್ಕೆ ತಾಮ್ರಪಟವಿಲ್ಲ, ಆಚಾರ್ಯರ ವಂಶಾವಳಿ ಇಲ್ಲ. ಕಟ್ಟಡಗಳಿವೆ, ಅಲ್ಲೊಂದು ಇಲ್ಲೊಂದು ಹೆಸರಿದೆ.

ಮಠ ಮತ್ತು ಅಂಗಳ ದೂರ ಇರಲಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ತಾವರೆಕೆರೆಯ ಕೋಡಿಯ ಬಳಿ ಇದ್ದುದರಿಂದ ಕೋಡಿಯ ಮಠ ಎಂದು ಹೆಸರು ಬಂತು. ದಕ್ಷಿಣ ಕೇದಾರೇಶ್ವರನ ದೇವಾಲಯ ಈ ಮಠದ್ದು. ಅದನ್ನು ನಡೆಸಿದವರು ಕಾಳಾಮುಖ ಶೈವ ಯತಿಗಳು. ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ, ವಿದ್ಯಾಭರಣ, ಗೌತಮ, ವಾಮಶಕ್ತಿ ಎಂದು ಗುರುಗಳ ಸಾಲು ಶಾಸನಗಳಲ್ಲಿ ಬರುತ್ತದೆ. ಇವರಲ್ಲಿ ನನಗೆ ಹತ್ತಿರದವನು ವಿದ್ಯಾಭರಣ. ಮಠದ ಆಡಳಿತ ನೋಡಿಕೊಳ್ಳುವುದು ವಿದ್ಯೆಯ ಸುಖಕ್ಕೆ ಅಡ್ಡಿ ಎಂದು ಅವನಿಗೆ ಅನ್ನಿಸಿತು. ಆ ಹೊಣೆಯನ್ನು ಶಿಷ್ಯರಿಗೆ ವಹಿಸಿದ ಎಂದು 1129ರ ಶಾಸನ ಹೇಳುತ್ತದೆ. ಒಂದು ಸಂಸ್ಥೆಯಲ್ಲಿ ಪಾಠ ಹೇಳುವವರೂ ಲೆಕ್ಕ ನೋಡುವವರೂ ಬೇರೆಯಾಗಿರಬೇಕು ಎಂಬ ತಿಳಿವಳಿಕೆ ಇಲ್ಲಿ ಎಂಟುನೂರ ತೊಂಬತ್ತು ವರ್ಷಗಳಿಗೂ ಹಿಂದೆಯೇ ಇತ್ತು. ಅದೇ ಕಾಲಕ್ಕೆ, 1129ರ ಸುಮಾರಿನಲ್ಲಿ, ಕಲ್ಯಾಣದಲ್ಲಿ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ವನ್ನು ಮುಗಿಸುತ್ತಿದ್ದ. ಅರಮನೆ ಕಟ್ಟುವುದರಿಂದ ಹಿಡಿದು ಗೋಡೆಯ ಮೇಲೆ ಚಿತ್ರ ಬರೆಯುವವರೆಗೆ ಕೈಕೆಲಸದ ಸಂಗತಿಗಳಿಗೆ ಆ ಸಂಸ್ಕೃತ ಗ್ರಂಥದಲ್ಲಿ ಜಾಗವಿದೆ.

ಮಠಕ್ಕೆ ಬಂದ ದತ್ತಿಗಳನ್ನು ನೋಡಿದರೆ ಮತ್ತೊಂದು ಮಾತು ಕಣ್ಣಿಗೆ ಬೀಳುತ್ತದೆ. ದೇವರ ಪೂಜೆಗೆ, ಯತಿಗಳ ಊಟಕ್ಕೆ, ವಿದ್ಯಾದಾನಕ್ಕೆ ಎಂದು ಹೇಳುವಾಗ ಅದರ ಜೊತೆಗೇ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆ ಎಂದೂ ಸೇರಿಸಿರುತ್ತಾರೆ. ಒಡೆದದ್ದನ್ನು, ಬಿರಿದದ್ದನ್ನು, ಹಳತಾದದ್ದನ್ನು ಸರಿಪಡಿಸುವ ಖರ್ಚು ಅದು. ಇದು ಎಲ್ಲ ಕಡೆ ಬರುವ ಮಾಮೂಲಿ ಮಾತು ಎಂದು ಚರಿತ್ರೆಕಾರರು ಪುಟ ತಿರುಗಿಸುತ್ತಾರೆ. ನನ್ನ ಮಟ್ಟಿಗೆ ಅಂಗಳದ ಶಾಲೆಯ ಬೆನ್ನೆಲುಬು ಇದೇ ಮಾತಿನಲ್ಲಿದೆ. ಕಟ್ಟಡ ಮುಗಿದ ಮೇಲೂ ಕಲ್ಕುಟಿಗನಿಗೆ ಕೆಲಸ ಇರುತ್ತದೆ, ಅದಕ್ಕೆ ಭೂಮಿಯ ಉತ್ಪತ್ತಿ ಮೀಸಲಿರುತ್ತದೆ ಎಂದಾದರೆ ಅವನ ಮಗ ಊರು ಬಿಡಬೇಕಾಗಿಲ್ಲ. ಹೊಸದನ್ನು ಕಟ್ಟುವಾಗ ಕಲಿಯಲಾಗದ ಎಷ್ಟೋ ಸಂಗತಿಗಳನ್ನು ದುರಸ್ತಿ ಮಾಡುವಾಗ ಕಲಿಯಬಹುದು: ಸಂದಿಯಲ್ಲಿ ನೀರು ಎಲ್ಲಿ ಇಳಿಯಿತು, ತೊಲೆ ಯಾಕೆ ಬಿರಿಯಿತು, ತಾತ ಯಾವ ಕಲ್ಲನ್ನು ತಪ್ಪಾಗಿ ಮಲಗಿಸಿದ್ದ.

ಕೆಲಸಕ್ಕೇನೂ ಕೊರತೆ ಇರಲಿಲ್ಲ. 1047ರಲ್ಲಿ ಬನವಾಸಿ ಹನ್ನೆರಡು ಸಾಸಿರವನ್ನು ಆಳುತ್ತಿದ್ದ ಚಾಮುಂಡರಾಯರಸ ಗಂಡಭೇರುಂಡ ಸ್ತಂಭವನ್ನು ನಿಲ್ಲಿಸಿದ. 1065ರಲ್ಲಿ ರೂಪಭಟ್ಟಯ್ಯ ಎಂಬ ಮಂತ್ರಿ ಜಯಂತೀಪ್ರಬೌದ್ಧ ವಿಹಾರ ಕಟ್ಟಿಸಿದ. ತ್ರಿಪುರಾಂತಕ ದೇವಾಲಯ, ಅದರ ಜಾಲಂಧ್ರದಲ್ಲಿ ಕುಣಿಯುವ ಆಕೃತಿಗಳು, ಕೇದಾರೇಶ್ವರದ ವಿಸ್ತರಣೆ ಎಲ್ಲವೂ ಇದೇ ಎರಡು ಮೂರು ತಲೆಮಾರುಗಳ ಒಳಗಿನವು. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಎಂದು ಐದು ದೈವಗಳ ಮಠಗಳು ಆ ಊರಲ್ಲಿದ್ದವು. ಅಷ್ಟೂ ಮತಗಳಿಗೆ ಬೇಕಾದ ಮೂರ್ತಿಗಳ ಅಳತೆ, ಲಾಂಛನ, ಪೀಠಗಳ ಭೇದ ಒಂದೇ ಪಟ್ಟಣದ ಶಿಲ್ಪಿಗಳಿಗೆ ಗೊತ್ತಿರಬೇಕಾಗಿತ್ತು. ಇಷ್ಟು ವಿಶಾಲವಾದ ಪಠ್ಯಕ್ರಮ ಇಂದಿನ ಯಾವ ಕಲಾಶಾಲೆಗೂ ಇಲ್ಲ.

ಆ ಶಾಲೆಯ ವಿದ್ಯಾರ್ಥಿಗಳಲ್ಲಿ ಇಬ್ಬರ ಹೆಸರು ಬೇಲೂರಿನಲ್ಲಿ ಸಿಗುತ್ತದೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದ ಮದನಿಕೆಯರ ಕೆಳಗೆ, ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಹೆಸರನ್ನೂ ಊರನ್ನೂ ಬರೆಸಿದ್ದಾರೆ. ಅಪ್ಪ ಮಗ ಒಂದೇ ಕಟ್ಟಡದಲ್ಲಿ ಅಕ್ಕಪಕ್ಕದಲ್ಲಿ ದುಡಿದು, ಇಬ್ಬರೂ ಬೇರೆ ಬೇರೆಯಾಗಿ ಸಹಿ ಹಾಕಿದ ದಾಖಲೆ ಇದು. ಜಕಣಾಚಾರಿ ಡಂಕಣಾಚಾರಿಯರ ಕಥೆ ಕೇಳಿ ಬೆಳೆದ ನಮಗೆ ಇದರ ಬೆಲೆ ಬೇಗ ತಿಳಿಯಬೇಕು. ಆ ಕಥೆಯಲ್ಲಿ ಅಪ್ಪನ ಗುರುತೇ ಇಲ್ಲದ ಮಗ ಬಂದು ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದು ತೋರಿಸುತ್ತಾನೆ. ಕಥೆ ಚೆನ್ನಾಗಿದೆ, ಜನ ಅದನ್ನು ಉಳಿಸಿಕೊಂಡದ್ದಕ್ಕೆ ಕಾರಣವೂ ಇದೆ. ಆದರೆ ಕಲ್ಲಿನಲ್ಲಿ ಬರೆದಿರುವುದು ದಾಸೋಜ ಚಾವಣರದ್ದು. ಮಗ ಅಪ್ಪನ ಕಣ್ಣ ಮುಂದೆ ಕಲಿತ. ತನ್ನ ಹೆಸರಿನಲ್ಲಿ ಕೆಲಸ ಮಾಡುವಷ್ಟು ಬೆಳೆದ.

ಶಾಸ್ತ್ರಗ್ರಂಥವೂ ಇದನ್ನೇ ಹೇಳುತ್ತದೆ. ಕಟ್ಟುವ ಕೆಲಸದಲ್ಲಿ ಸ್ಥಪತಿ, ಸೂತ್ರಗ್ರಾಹಿ, ತಕ್ಷಕ, ವರ್ಧಕಿ ಎಂದು ನಾಲ್ವರಿರುತ್ತಾರೆ ಎನ್ನುತ್ತದೆ ಮಯಮತ. ಸ್ಥಪತಿ ಇಡೀ ಕಟ್ಟಡವನ್ನು ಮನಸ್ಸಿನಲ್ಲಿ ಹಿಡಿದವನು. ಸೂತ್ರಗ್ರಾಹಿ ದಾರ ಹಿಡಿದು ಅಳತೆ ಹಾಕುವವನು. ಅವನು ಸ್ಥಪತಿಯ ಮಗನೋ ಶಿಷ್ಯನೋ ಆಗಿರಬೇಕು. ಕಲಿಯುವವನ ಕೈಗೆ ಮೊದಲು ಸಿಗುವುದು ದಾರ ಎಂಬುದನ್ನು ಗಮನಿಸಬೇಕು. ಉಳಿ ಆಮೇಲೆ. ದಾರ ಹಿಡಿದವನಿಗೆ ಕಟ್ಟಡದ ಇಡೀ ಲೆಕ್ಕ ಕೈಯೊಳಗೆ ಹಾದುಹೋಗುತ್ತದೆ. ಮೂರ್ತಿಯಾದರೆ ತಾಲಮಾನ: ಒಂದು ತಾಲಕ್ಕೆ 12 ಅಂಗುಲ, ನವತಾಲದ ಮೂರ್ತಿಗೆ 108 ಅಂಗುಲ. ಇಲ್ಲಿ ಅಂಗುಲ ಎಂಬುದು ಅಂಗಡಿಯ ಟೇಪಿನ ಇಂಚಲ್ಲ, ಆ ಮೂರ್ತಿಯದೇ ಭಾಗ. ಮೂರ್ತಿ ಗೇಣುದ್ದವಿರಲಿ ಆಳೆತ್ತರವಿರಲಿ, ಮುಖಕ್ಕೂ ಮೈಗೂ ಇರುವ ಸಂಬಂಧ ಬದಲಾಗುವುದಿಲ್ಲ. ಪ್ರಮಾಣ ಎಂಬುದನ್ನು ಇಷ್ಟು ಸ್ವಚ್ಛವಾಗಿ ಕಲಿಸುವ ಮತ್ತೊಂದು ಉಪಾಯ ನನಗೆ ಗೊತ್ತಿಲ್ಲ.

ಇನ್ನು ಕಲ್ಲು. ಬಳಪದ ಕಲ್ಲು ಗಣಿಯಿಂದ ಬಂದಾಗ ಮೆದುವಾಗಿರುತ್ತದೆ, ಗಾಳಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಕಣಶಿಲೆಯ ಮೇಲೆ ಆಗದ ಸೂಕ್ಷ್ಮ ಕೆಲಸ ಇದರ ಮೇಲೆ ಆಗುತ್ತದೆ; ತಿರುಗಣಿಯ ಮೇಲೆ ಕಡೆದು ಕನ್ನಡಿಯಂತೆ ನುಣುಪು ಮಾಡಲೂ ಬರುತ್ತದೆ. ಸೊರಬ ತಾಲ್ಲೂಕಿನ ಆನವಟ್ಟಿ ಬಳಿಯ ಕುಬಟೂರಿನ ಕೈಟಭೇಶ್ವರ ದೇವಾಲಯದ ಕಂಬಗಳ ನಡುವೆ ನಿಂತರೆ ಈ ಕಲ್ಲಿನ ಗುಣ ಒಂದು ಪಟ್ಟಣದ ಗುಟ್ಟಾಗಿ ಉಳಿಯದೆ ಸೀಮೆಗೆಲ್ಲ ಹರಡಿತ್ತೆಂದು ಗೊತ್ತಾಗುತ್ತದೆ. ವಾಸ್ತು ಎಂದರೆ ಬಾಗಿಲು ಯಾವ ದಿಕ್ಕಿಗೆ, ಒಲೆ ಯಾವ ಮೂಲೆಗೆ ಎಂಬುದಕ್ಕೆ ಈಗ ಬಂದು ನಿಂತಿದೆ. ಅದು ನಮ್ಮ ಹಿರಿಯರಿಗೆ ಮಾಡುವ ಅನ್ಯಾಯ. ಕಲ್ಲಿನ ಗುಣ, ಭಾರ ಇಳಿಯುವ ದಾರಿ, ನೀರು ಹರಿಯುವ ದಾರಿ, ಅಳತೆಯ ಹೊಂದಿಕೆ ಇವು ಆ ವಿದ್ಯೆಯ ಜೀವ. ಭಾರತೀಯ ಜ್ಞಾನ ಪರಂಪರೆಯನ್ನು ಪಠ್ಯಕ್ಕೆ ತರಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದ ಮೇಲೆ, ಯಾವುದನ್ನು ತರುತ್ತೇವೆ ಎಂಬ ಪ್ರಶ್ನೆ ಎಲ್ಲ ಕಾಲೇಜುಗಳ ಮುಂದೆ ಇದೆ.

ಬಳ್ಳಿಗಾವಿಗೆ ಹತ್ತಿರದಲ್ಲೇ ಇರುವ ತಾಳಗುಂದದ ಸ್ತಂಭ ಬಳ್ಳಿಗಾವಿಯ ಈ ಕಟ್ಟಡಗಳಿಗಿಂತ ಸುಮಾರು ಆರು ಶತಮಾನ ಹಿಂದಿನದು. ಮಯೂರಶರ್ಮ ವೇದ ಕಲಿಯಲು ಕಂಚಿಯ ಘಟಿಕೆಗೆ ಹೋದ ಕಥೆಗಾಗಿ ಅದನ್ನು ಎಲ್ಲರೂ ನೆನೆಯುತ್ತಾರೆ. ಶಾಸನ ಹುಟ್ಟಿದ್ದು ಮಾತ್ರ ಒಂದು ಕಟ್ಟಡ ಕೆಲಸದ ನೆನಪಿಗಾಗಿ: ಕಾಕುಸ್ಥವರ್ಮ ಅಲ್ಲಿಯ ಶಿವಾಲಯದ ಬಳಿ ಕಟ್ಟಿಸಿದ ದೊಡ್ಡ ಕೆರೆ. ಕವಿ ಕುಬ್ಜ ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದೆನೆಂದು ಕೊನೆಯಲ್ಲಿ ಹೇಳಿಕೊಂಡಿದ್ದಾನೆ. ಸಂಸ್ಕೃತದ ಪಂಡಿತ ಕಲ್ಲಿನ ಮುಂದೆ ಕುಳಿತ. ಓದಿದವನು ಕೈ ಮಸಿ ಮಾಡಿಕೊಳ್ಳಬಾರದು ಎಂಬ ಭಾವನೆ ನಮ್ಮ ಮಣ್ಣಿನಲ್ಲಿ ಮೊದಲಿನಿಂದ ಇತ್ತು ಎನ್ನುವವರಿಗೆ ಕುಬ್ಜನನ್ನು ತೋರಿಸಬೇಕು.

ಹೊಯ್ಸಳರ ಕಾಲ ಮುಗಿದ ಮೇಲೆ ಬಳ್ಳಿಗಾವಿಯ ವೈಭವ ಇಳಿಯಿತು. ದಾಸೋಜನ ವಂಶ ಎಲ್ಲಿ ಸೇರಿತೋ, ಅಂಗಳ ಬರಿದಾಯಿತು. ಆ ನಂತರದ ಶತಮಾನಗಳಲ್ಲಿ ಇದೇ ಸೀಮೆಯಲ್ಲಿ ಕೈಯ ವಿದ್ಯೆಯನ್ನು ಹಿಡಿದು ನಿಂತವರು ಗುಡಿಗಾರರು. ಅವರು ದಾಸೋಜನ ಸಂತತಿ ಎಂದು ನಾನು ಹೇಳುತ್ತಿಲ್ಲ; ಗೋವೆಯ ಕಡೆಯಿಂದ ಬಂದವರೆಂದು ಅವರದೇ ನೆನಪು. ಕಲ್ಲಿನ ಬದಲು ಗಂಧ, ದೇವಾಲಯದ ಬದಲು ಪೆಟ್ಟಿಗೆ, ಮಂಟಪ, ರಥ. ಕಲಿಸುವ ಕ್ರಮದಲ್ಲಿ ಮಾತ್ರ ಗುರುತು ಹಿಡಿಯುವಷ್ಟು ಹೋಲಿಕೆ ಇದೆ. ಸೊರಬ, ಸಾಗರದ ಗುಡಿಗಾರರ ಮನೆಯ ಜಗುಲಿಯೇ ಕಾರ್ಖಾನೆ, ಅದೇ ಶಾಲೆ. ಹುಡುಗ ಮೊದಲು ಎಲೆ ಬಳ್ಳಿಗಳನ್ನು ಬರೆದು ಬರೆದು ಕೈ ಪಳಗಿಸಬೇಕು. ಉಳಿ ಮಸೆಯುವುದನ್ನು ಕಲಿಯಬೇಕು. ಮಸೆಯಲು ಬಾರದವನಿಗೆ ಕೆತ್ತಲು ಬರುವುದಿಲ್ಲ. ಆಮೇಲೆ ಹಿರಿಯರು ಬಿಡಿಸಿದ ಹೂವಿನ ಹಿನ್ನೆಲೆಯನ್ನು ತೆಗೆಯುವುದು, ಉಜ್ಜುವುದು. ಮುಖ, ಕಣ್ಣು, ಬೆರಳು ಕೊನೆಗೆ. ಗಂಧದ ಕೆಲಸ ಇಲ್ಲದಾಗ ಬೆಂಡಿನಲ್ಲಿ ಬಾಸಿಂಗ, ಚೌತಿಗೆ ಮೊದಲು ಮಣ್ಣಿನ ಗಣಪತಿ. ಮಣ್ಣು ಕೂಡಿಸುವ ವಿದ್ಯೆ, ಮರ ಕಳೆಯುವ ವಿದ್ಯೆ. ಎರಡೂ ಒಂದೇ ಮನೆಯಲ್ಲಿ, ವರ್ಷದ ಬೇರೆ ಬೇರೆ ತಿಂಗಳಲ್ಲಿ ಸಿಗುತ್ತಿದ್ದವು. ಇಂದಿನ ವಿನ್ಯಾಸ ಶಾಲೆಯ ಮೊದಲ ವರ್ಷದಲ್ಲಿ ಹೇಳಿಕೊಡುವುದೂ ಇದನ್ನೇ.

ಬಿ. ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರ್‌ನಲ್ಲಿ ಸೊರಬ, ಸಾಗರದ ಈ ಕೆತ್ತನೆಯನ್ನು ಮೆಚ್ಚಿ ಬರೆದರು. ಕೋಡಿಯ ಮಠದ ಶಾಸನವನ್ನು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 7ನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದವರೂ ಅವರೇ. ಮಠದ ವಿದ್ಯೆಯನ್ನೂ ಜಗುಲಿಯ ವಿದ್ಯೆಯನ್ನೂ ಒಬ್ಬರೇ ದಾಖಲಿಸಿದ್ದರೂ, ಎರಡನ್ನೂ ಸೇರಿಸಿ ಓದುವ ಕೆಲಸ ನಮ್ಮಲ್ಲಿ ಆಗಲಿಲ್ಲ.

ಮನೆಯ ಶಾಲೆಗೆ ಒಂದು ದೊಡ್ಡ ಮಿತಿ ಇತ್ತು, ಅದನ್ನು ಮುಚ್ಚಿಡಬಾರದು. ಆ ಮನೆಯಲ್ಲಿ, ಆ ಜಾತಿಯಲ್ಲಿ ಹುಟ್ಟಿದ ಗಂಡುಮಗುವಿಗೆ ಮಾತ್ರ ಉಳಿ ಸಿಗುತ್ತಿತ್ತು. ಬಾಗಿಲು ಬೇರೆಯವರಿಗೂ ತೆರೆದದ್ದು ಸರ್ಕಾರಿ ಶಾಲೆಗಳು. 20ನೆಯ ಶತಮಾನದ ಆರಂಭದಲ್ಲಿ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಮರಗೆಲಸ, ಕೆತ್ತನೆ, ಚಿತ್ರಕಲೆಗಳನ್ನು ತರಗತಿಯ ಪಾಠವಾಗಿಸಿತು. 1964ರಲ್ಲಿ ಆರಂಭವಾದ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮ ನಮ್ಮ ಕಡೆಯ ಕುಶಲಕರ್ಮಿಗಳಿಗೆ ಗಂಧ ಒದಗಿಸಿ, ಸಾಮಾನನ್ನು ಕಾವೇರಿ ಮಳಿಗೆಗಳಲ್ಲಿ ಮಾರಿತು. ಕಾಡಿನಲ್ಲಿ ಗಂಧ ಕಡಿಮೆಯಾದಂತೆ ಕಲಿಕೆಯೂ ಕುಗ್ಗಿತು. ಎಷ್ಟು ತರಬೇತಿ ಕೊಟ್ಟರೂ ಕೈಗೆ ಮರವೇ ಬಾರದಿದ್ದರೆ ಕಲಿತವನು ಏನು ಮಾಡಬೇಕು? 2001ರ ತಿದ್ದುಪಡಿಯಿಂದ ತನ್ನ ಜಮೀನಿನ ಗಂಧದ ಮರಕ್ಕೆ ರೈತನೇ ಒಡೆಯನಾದ. ಆ ಮರ ಬಲಿತು ಕೆತ್ತನೆಗಾರನ ಜಗುಲಿಗೆ ಬರುವವರೆಗೆ ತಲೆಮಾರೊಂದು ಕಾಯಬೇಕು. ಅಲ್ಲಿಯವರೆಗೆ ಶಿವನಿ, ತೇಗ, ಹಲಸಿನ ಮೇಲೆ ಕೈ ನಡೆಯುತ್ತದೆ.

ಓದಿನ ವಿದ್ಯೆಯೂ ಕೈಯ ವಿದ್ಯೆಯೂ ಬೇರೆ ಬೇರೆಯಾಗಿ ಉಳಿದ ಕಷ್ಟವನ್ನು ಬೇರೆ ದೇಶದವರೂ ಕಂಡಿದ್ದಾರೆ. 1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ವಾಲ್ಟರ್ ಗ್ರೋಪಿಯಸ್ ಬೌಹೌಸ್ ಶಾಲೆ ತೆರೆದಾಗ ಪ್ರತಿ ಕಾರ್ಯಾಗಾರಕ್ಕೂ ಇಬ್ಬರು ಗುರುಗಳನ್ನಿಟ್ಟರು: ಆಕಾರ, ಬಣ್ಣಗಳ ವಿಚಾರ ಹೇಳುವ ಕಲಾವಿದ ಒಬ್ಬ, ಕಸುಬು ಬಲ್ಲ ಕೈಗಾರ ಒಬ್ಬ. ಕೋಡಿಯ ಮಠ ಮತ್ತು ಕಲ್ಲಿನ ಅಂಗಳ ಒಂದೇ ಸೂರಿನಡಿ ಬಂದಿದ್ದರೆ ಹೀಗಿರುತ್ತಿತ್ತು. ನಮ್ಮಲ್ಲಿ 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ಎನ್. ರೆಡ್ಡಿ ಅವರ ಮುಂದಾಳುತನದಲ್ಲಿ ಆರಂಭವಾದ ‘ಆಸ್ಟ್ರಾ’ ಬೇರೊಂದು ದಾರಿಯಿಂದ ಇದೇ ಜಾಗಕ್ಕೆ ಬಂತು. ಕೆ. ಎಸ್. ಜಗದೀಶ್ ಮತ್ತು ಜೊತೆಗಾರರು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಇಟ್ಟಿಗೆ ಮಾಡಿ, ಸುಡದೆ ಗೋಡೆ ಕಟ್ಟುವುದನ್ನು ಲೆಕ್ಕ ಸಮೇತ ತೋರಿಸಿಕೊಟ್ಟರು. ಮಣ್ಣಿನ ಗೋಡೆ ಹಳ್ಳಿಯವರ ಬಡತನದ ಗುರುತು ಎನ್ನುವ ಕಾಲದಲ್ಲಿ ವಿಜ್ಞಾನಿಗಳು ಅದಕ್ಕೆ ಮರ್ಯಾದೆ ತಂದರು. ಜಿಲ್ಲೆಗಳ ನಿರ್ಮಿತಿ ಕೇಂದ್ರಗಳು ಗಾರೆ ಕೆಲಸದವರಿಗೆ ತರಬೇತಿ ಕೊಡಲು ಹುಟ್ಟಿದ್ದೂ ಇಂಥ ಆಲೋಚನೆಯಿಂದಲೇ.

ಮನೆಯೊಳಗಿನ ವಿದ್ಯೆಯಲ್ಲಿ ಹೆಣ್ಣುಮಕ್ಕಳದೂ ಒಂದಿದೆ. ಸೊರಬ, ಸಾಗರ, ಶಿಕಾರಿಪುರ ಕಡೆಯ ದೀವರ ಸಮುದಾಯದ ಮನೆಗಳ ಹಸೆ ಚಿತ್ತಾರ ಅದು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳುಪು, ಹುರಿದು ಕರಿ ಮಾಡಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಕುಂಚಕ್ಕೆ ಪುಂಡಿಯ ನಾರು. ಅಳತೆಕೋಲು ಇಲ್ಲದೆ ಎಳೆ ಎಳೆಯಾಗಿ ಎಳೆದ ಗೆರೆಗಳು ಮೂಲೆ ತಪ್ಪದೆ ಸೇರುತ್ತವೆ. ಮದುವೆ ಮನೆಯ ಗೋಡೆಗೂ ಭೂಮಿ ಹುಣ್ಣಿಮೆಯ ಭೂಮಣ್ಣಿ ಬುಟ್ಟಿಗೂ ಅದೇ ಕೈ. ಅಮ್ಮ ಬರೆಯುವಾಗ ಮಗಳು ಪಕ್ಕದಲ್ಲಿ ಕೂತು ಒಂದು ಮೂಲೆ ತುಂಬುತ್ತಾಳೆ. ಜ್ಯಾಮಿತಿಯನ್ನು, ಬಣ್ಣ ತಯಾರಿಸುವುದನ್ನು, ಒಂದು ಗೋಡೆಯನ್ನು ಭಾಗ ಮಾಡುವುದನ್ನು ಕಲಿಸುವ ಈ ಪಾಠಕ್ಕೆ ಯಾವ ಮಠದ ಪಟ್ಟಿಯಲ್ಲೂ ಯಾವ ಶಾಸ್ತ್ರದಲ್ಲೂ ಹೆಸರಿಲ್ಲ.

ಈಗ ನಮ್ಮ ಸೀಮೆಯದೇ ಆದ ಅಂಜನಾಪುರದ ಮಾತು. ಈ ಹೋಬಳಿಯನ್ನು ಜನ ಕುಮುದ್ವತಿಯ ಜಲಾಶಯದಿಂದ ಗುರುತಿಸುತ್ತಾರೆ. ದೇವಾಲಯ, ಮನೆಗಳನ್ನಷ್ಟೇ ವಾಸ್ತುಶಿಲ್ಪ ಎಂದು ಎಣಿಸುವ ಅಭ್ಯಾಸದಿಂದ ನಾವು ನೀರಿನ ಕಟ್ಟಡಗಳನ್ನು ಪಾಠದಿಂದ ಹೊರಗಿಟ್ಟಿದ್ದೇವೆ. ನಮ್ಮ ಸೀಮೆಯಲ್ಲಾದರೋ ಮೊದಲ ಪಾಠವೇ ಅದಾಗಬೇಕು. ತಾಳಗುಂದದ ಕದಂಬರ ಕೆರೆ, ಬಳ್ಳಿಗಾವಿಯ ತಾವರೆಕೆರೆ ಮತ್ತು ಅದರ ಕೋಡಿ, ಕುಮುದ್ವತಿ ಗುಡ್ಡಗಳ ನಡುವೆ ನುಸುಳುವಲ್ಲಿ ಮಾಸೂರಿನ ಬಳಿ ಕಟ್ಟಿದ ಮದಗದ ಕೆರೆ, ಕೊನೆಗೆ ಅಂಜನಾಪುರದ ಜಲಾಶಯ. ಏರಿ ಎಷ್ಟು ಅಗಲವಿರಬೇಕು, ತೂಬು ಎಲ್ಲಿರಬೇಕು, ಕೋಡಿ ಎಷ್ಟು ಎತ್ತರದಲ್ಲಿರಬೇಕು ಎಂಬ ಒಂದೇ ಪ್ರಶ್ನೆಗೆ ಒಂದೂವರೆ ಸಾವಿರ ವರ್ಷಗಳಲ್ಲಿ ಕೊಟ್ಟ ಉತ್ತರಗಳು ಒಂದೇ ದಿನದ ಓಡಾಟದಲ್ಲಿ ನೋಡಸಿಗುತ್ತವೆ. ಇಂಥ ಅನುಕೂಲ ಯಾವ ಮಹಾನಗರದ ಕಾಲೇಜಿಗೂ ಇಲ್ಲ.

ವಾಸ್ತುಶಿಲ್ಪದ ವಿದ್ಯಾರ್ಥಿಗಳು ಇಲ್ಲಿಗೆ ಬರುವುದಾದರೆ ಅಳತೆ ಪಟ್ಟಿ ಹಿಡಿದು ಎರಡು ದಿನ ನಕ್ಷೆ ಬರೆದು ಹೋಗುವುದು ಸಾಲದು. ಮೊದಲ ಕೆಲಸ ದುರಸ್ತಿಯದಾಗಲಿ. ಬಿದ್ದಿರುವ ಒಂದು ಮಣ್ಣಿನ ಗೋಡೆ, ಜಾರಿದ ನಾಡಹೆಂಚಿನ ಮಾಡು, ಹೂಳು ತುಂಬಿದ ಒಂದು ಊರಗೆರೆಯ ತೂಬು: ಇದರಲ್ಲಿ ಒಂದನ್ನು ಒಂದು ಬೇಸಿಗೆಯಲ್ಲಿ ಊರ ಮೇಸ್ತ್ರಿಯ ಕೈಕೆಳಗೆ ಸರಿಮಾಡಲಿ. ಮೂಲೆಮಟ್ಟ, ರಸಮಟ್ಟ, ಕರಣೆ ಹಿಡಿದ ಮೇಲೆ ಕಂಪ್ಯೂಟರಿನಲ್ಲಿ ಎಳೆಯುವ ಗೆರೆಗೂ ತೂಕ ಬರುತ್ತದೆ. ಆ ಮೇಸ್ತ್ರಿಗೆ, ಗುಡಿಗಾರ ಹಿರಿಯರಿಗೆ, ಚಿತ್ತಾರ ಬರೆಯುವ ಅಮ್ಮಂದಿರಿಗೆ ಕಾಲೇಜಿನ ರಿಜಿಸ್ಟರಿನಲ್ಲಿ ಅಧ್ಯಾಪಕರೆಂದೇ ಹೆಸರು ಬರಬೇಕು, ಸಂಬಳವೂ ಅಧ್ಯಾಪಕರದ್ದೇ ಆಗಿರಬೇಕು. ಒಂದು ದಿನ ಕರೆದು ಶಾಲು ಹೊದಿಸಿ ಕಳಿಸಿದರೆ ಕಲಿಕೆ ಮುಂದುವರಿಯುವುದಿಲ್ಲ. ಪದವಿ ಇಲ್ಲ ಎಂಬ ನಿಯಮ ಅಡ್ಡ ಬಂದರೆ ಆ ನಿಯಮವನ್ನು ಬದಲಿಸಲು ಬರೆಯೋಣ. ಇದನ್ನು ಓದುವವರಲ್ಲಿ ಅಂಥ ಪತ್ರಕ್ಕೆ ಸಹಿ ಹಾಕಬಲ್ಲ ಸ್ಥಾನದಲ್ಲಿ ಇರುವವರು ಕೆಲವರಾದರೂ ಇದ್ದಾರೆ.